ಇನ್ನೂ ಅಸಿಸ್ಟೆಂಟೇ?

ಹೌದು, ಇನ್ನೂ ಅಸಿಸ್ಟೆಂಟೇ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಒಂದು ಸಣ್ಣ ಕಾಲೇಜಿನ ಮಹಿಳಾ ಬಾಸ್ಕೆಟ್‌ಬಾಲ್ ತಂಡಕ್ಕೆ ನಾನು ಸಹಾಯಕ ಕೋಚ್ ಆಗಿ ಹನ್ನೊಂದು ವರ್ಷವಾಯಿತು. ಮುಖ್ಯ ಕೋಚ್ ಯಾವಾಗ ಆಗುತ್ತೀಯ ಎಂದು ಮೈಸೂರಿನ ಚಿಕ್ಕಪ್ಪನಿಂದ ಹಿಡಿದು ಇಲ್ಲಿನ ಕನ್ನಡ ಕೂಟದವರ ತನಕ ಎಲ್ಲರೂ ಕೇಳಿದ್ದಾರೆ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಪ್ರಶ್ನೆಗಿಂತ ಹೆಚ್ಚಾಗಿ ನನ್ನನ್ನು ಕೆರಳಿಸುವುದು ಆ ‘ಇನ್ನೂ’. ಒಂದು ಸಂಕ್ರಾಂತಿಯ ದಿನ ಹಿರಿಯರೊಬ್ಬರು ಎಳ್ಳು-ಬೆಲ್ಲವನ್ನು ಕೈಗೆ ಹಾಕುತ್ತಾ, “ಅಸಿಸ್ಟೆಂಟ್ ಎಂದರೆ ಹುಡುಗಿಯರಿಗೆ ನೀರಿನ ಬಾಟಲಿ ಕೊಡುವ ಕೆಲಸವೇನಮ್ಮಾ?” ಎಂದರು. ಒಳ್ಳೆಯ ಮಾತನಾಡಬೇಕಾದ ದಿನ, ಸುಮ್ಮನೆ ಅಗಿದೆ. ಇಂದು ಸಂಕ್ರಾಂತಿಯಲ್ಲ.

ಒಂದು ಪಂದ್ಯದ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಎದುರಾಳಿ ತಂಡದ ವಿಡಿಯೋ ನೋಡಿದ್ದೆ. ಅವರ ಪಾಯಿಂಟ್ ಗಾರ್ಡ್, ಅಂದರೆ ಆಟ ನಡೆಸುವ ಹುಡುಗಿ, ಎಡಕ್ಕೆ ಪಾಸ್ ಕೊಡುವ ಮುನ್ನ ಪ್ರತಿ ಸಲವೂ ಒಂದು ಕ್ಷಣ ನೆಲ ನೋಡುತ್ತಿದ್ದಳು. ಅದನ್ನು ಕಂಡುಹಿಡಿಯಲು ನಾಲ್ಕು ಪಂದ್ಯ ನೋಡಬೇಕಾಯಿತು. ನಮ್ಮ ಹುಡುಗಿಗೆ ಹೇಳಿದೆ. ಅವಳು ಆ ಪಂದ್ಯದಲ್ಲಿ ಮೂರು ಬಾರಿ ಚೆಂಡನ್ನು ಕಿತ್ತುಕೊಂಡಳು. ನೀರಿನ ಬಾಟಲಿಯನ್ನೂ ಕೊಟ್ಟೆ, ಅದರಲ್ಲೇನು ಅವಮಾನ?

ನಮ್ಮ ನಾರ್ತ್ ಕೆರೊಲಿನಾದಲ್ಲೇ ಬಿಲ್ ಗತ್ರಿಜ್ ಎಂಬವರಿದ್ದರು. ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿ ಬಾಸ್ಕೆಟ್‌ಬಾಲ್ ಮುಖ್ಯ ಕೋಚ್ ಡೀನ್ ಸ್ಮಿತ್ ಅವರ ಪಕ್ಕದ ಕುರ್ಚಿಯಲ್ಲಿ 1967ರಿಂದ 1997ರವರೆಗೆ, ಮೂವತ್ತು ವರ್ಷ, ಸಹಾಯಕರಾಗಿಯೇ ಕುಳಿತರು. ಬೇರೆಡೆ ಮುಖ್ಯ ಕೋಚ್ ಆಗುವ ಅವಕಾಶ ಬಂದರೂ ಬಿಟ್ಟುಹೋಗಲಿಲ್ಲ. ಸ್ಮಿತ್ ನಿವೃತ್ತರಾದ ಮೇಲೆ ಮೂರೇ ವರ್ಷ ತಂಡ ನಡೆಸಿ ಎರಡು ಬಾರಿ ರಾಷ್ಟ್ರೀಯ ಸೆಮಿಫೈನಲ್‌ಗೆ ಒಯ್ದರು. ಮೂವತ್ತು ವರ್ಷ ಆ ಮನುಷ್ಯ ಬಸ್ಸಿಗೆ ಕಾಯುತ್ತಿದ್ದರೆಂದು ಯಾರಾದರೂ ಹೇಳಲಿ ನೋಡೋಣ.

ಕಷ್ಟವಿಲ್ಲವೆಂದಲ್ಲ. ಮುಖ್ಯ ಕೋಚ್ ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ ನಾವೂ ಪೆಟ್ಟಿಗೆ ಕಟ್ಟಬೇಕು. ತೊಂಬತ್ತರ ದಶಕದಲ್ಲಿ ಕಾಲೇಜು ಕ್ರೀಡೆಗಳ ಸಂಘ ಎನ್‌ಸಿಎಎ, ಒಂದು ವರ್ಗದ ಸಹಾಯಕ ಕೋಚ್‌ಗಳಿಗೆ ವರ್ಷಕ್ಕೆ 16,000 ಡಾಲರ್‌ಗಿಂತ ಹೆಚ್ಚು ಕೊಡಬಾರದೆಂದು ನಿಯಮ ಮಾಡಿತ್ತು. ಕೋಚ್‌ಗಳು ನ್ಯಾಯಾಲಯಕ್ಕೆ ಹೋದರು, ಗೆದ್ದರು. 1999ರಲ್ಲಿ ಸಂಘ 5.45 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ನಮ್ಮ ಕೆಲಸಕ್ಕೆ ಬೆಲೆಯಿದೆ ಎಂದು ಹೋರಾಡಿ ಬರೆಸಿಕೊಂಡವರು ಅವರು. ಅವರನ್ನು ನೆನೆದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ.

ಯಾವಾಗ ಎಂದು ಕೇಳುತ್ತೀರಿ. ಯಾರನ್ನು ತಿದ್ದಿದೆ ಎಂದು ಒಬ್ಬರಾದರೂ ಕೇಳಬಾರದೇ?

ಒಬ್ಬ ಹುಡುಗಿ ಇದ್ದಳು. ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಸಿಗುವ ಉಚಿತ ಎಸೆತ, ಎಸೆದರೆ ಚೆಂಡು ಯಾವಾಗಲೂ ಎಡಕ್ಕೇ ಹೋಗುತ್ತಿತ್ತು. ಹದಿನೈದು ಅಡಿ ದೂರ, ಅಡ್ಡ ಬರುವವರಿಲ್ಲ, ಆದರೂ ಗೆರೆಯ ಮೇಲೆ ನಿಂತರೆ ಅವಳ ತುಟಿ ಒಣಗುತ್ತಿತ್ತು. ಕಂಡದ್ದು ಇಷ್ಟೇ: ಚೆಂಡು ಎತ್ತುವಾಗ ಬಲ ಮೊಣಕೈ ಹೊರಗೆ ತೆರೆದುಕೊಳ್ಳುತ್ತಿತ್ತು. ಬೆಳಿಗ್ಗೆ ಆರಕ್ಕೆ, ಬೇರೆ ಯಾರೂ ಇಲ್ಲದ ಜಿಮ್‌ನಲ್ಲಿ, ಅವಳ ಮೊಣಕೈ ಪಕ್ಕ ನನ್ನ ಅಂಗೈ ಹಿಡಿದು ನಿಲ್ಲುತ್ತಿದ್ದೆ. ತಾಗಿದರೆ ಎಣಿಕೆ ಮತ್ತೆ ಒಂದರಿಂದ. ಮೊದಲ ವಾರ ಅವಳು ಹತ್ತನ್ನು ದಾಟಲಿಲ್ಲ, ಒಂದು ದಿನ ಅತ್ತಳು ಕೂಡ. ಫೆಬ್ರವರಿಯ ಹೊತ್ತಿಗೆ ಅಂಗೈಗೆ ಗಾಳಿ ಮಾತ್ರ ತಾಗುತ್ತಿತ್ತು.

ಅವಳು ಈಗ ಒಂದು ಹೈಸ್ಕೂಲಿನಲ್ಲಿ ಸಹಾಯಕ ಕೋಚ್. ಕಳೆದ ತಿಂಗಳು ಕರೆ ಮಾಡಿದಳು. ನಾನು ಮುಖ್ಯ ಕೋಚ್ ಆದೆನೇ ಎಂದು ಕೇಳಲಿಲ್ಲ. “ಅಂಗೈಯನ್ನು ಮೊಣಕೈಯಿಂದ ಎಷ್ಟು ದೂರ ಹಿಡಿಯುತ್ತಿದ್ದಿರಿ?” ಎಂದು ಕೇಳಿದಳು.

ಎರಡು ಬೆರಳು, ಎಂದೆ.