ಒಂದು ಅಲ್ಪವಿರಾಮ, ಎರಡು ಅನುವಾದ

ಹನ್ನೊಂದು ವರ್ಷಗಳಿಂದ ಮಾನವ ಹಕ್ಕುಗಳ ಸಂಸ್ಥೆಯೊಂದರಲ್ಲಿ ಅನುವಾದಕನಾಗಿದ್ದೇನೆ. ಅಂತರರಾಷ್ಟ್ರೀಯ ನ್ಯಾಯಾಲಯದ ಆದೇಶಗಳು, ವಿಶ್ವಸಂಸ್ಥೆಯ ಸಮಿತಿಗಳ ವರದಿಗಳು, ಒಪ್ಪಂದಗಳ ಪಠ್ಯಗಳು ನನ್ನ ಮೇಜಿಗೆ ಬರುತ್ತವೆ. ಅವುಗಳ ಸಾರಾಂಶವನ್ನು ಕನ್ನಡದಲ್ಲಿ ಬರೆದುಕೊಡುವುದು ನನ್ನ ಪಾಲಿನ ಕೆಲಸ. ಓದುವವರು ವಕೀಲರು, ಮೇಷ್ಟ್ರುಗಳು, ವಿದ್ಯಾರ್ಥಿಗಳು ಮತ್ತು ಕಾರ್ಯಕರ್ತರು. ಹೆಚ್ಚಿನವರಿಗೆ ಮೂಲವನ್ನು ಓದುವಷ್ಟು ಪುರುಸೊತ್ತಿರುವುದಿಲ್ಲ. ನಾನು ಬರೆದದ್ದನ್ನೇ ನ್ಯಾಯಾಲಯ ಹೇಳಿದ್ದು ಎಂದು ನಂಬುತ್ತಾರೆ. ಈ ನಂಬಿಕೆಯ ತೂಕ ನನಗೆ ಸರಿಯಾಗಿ ಗೊತ್ತಾದದ್ದು 2024ರಲ್ಲಿ, ಅದೂ ಎರಡು ಸಲ ಎಡವಿದ ಮೇಲೆ.

ಜನವರಿ 26, 2024. ದಕ್ಷಿಣ ಆಫ್ರಿಕಾ ಇಸ್ರೇಲ್ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಮಧ್ಯಂತರ ಆದೇಶ ಓದುವ ದಿನ. ದೂರು ದಾಖಲಾಗಿ ಆಗಿನ್ನೂ ತಿಂಗಳು ತುಂಬಿರಲಿಲ್ಲ. 1948ರ ನರಮೇಧ ತಡೆ ಒಪ್ಪಂದವನ್ನು ಇಸ್ರೇಲ್ ಗಾಜಾದಲ್ಲಿ ಉಲ್ಲಂಘಿಸುತ್ತಿದೆ ಎಂಬುದು ದಕ್ಷಿಣ ಆಫ್ರಿಕಾದ ಆರೋಪ. ಇಸ್ರೇಲ್ ಅದನ್ನು ಸಾರಾಸಗಟಾಗಿ ಅಲ್ಲಗಳೆದಿತ್ತು. ಸಂಜೆಯೊಳಗೆ ನಮ್ಮ ಪತ್ರಿಕೆಗೆ ಟಿಪ್ಪಣಿ ಹೋಗಬೇಕಿತ್ತು. ನಾನು ನೇರ ಪ್ರಸಾರವನ್ನು ಅರ್ಧ ನೋಡಿದೆ, ಸುದ್ದಿಸಂಸ್ಥೆಗಳ ವರದಿಗಳನ್ನು ಪೂರ್ತಿ ಓದಿದೆ, ಆದೇಶದ ಮೂಲವನ್ನು ಮಾತ್ರ ಮೇಲೆ ಮೇಲೆ ತಿರುವಿಹಾಕಿದೆ. ‘ಗಾಜಾದಲ್ಲಿ ನರಮೇಧ: ಮೇಲ್ನೋಟಕ್ಕೆ ಕಂಡುಬಂದಿದೆ ಎಂದ ನ್ಯಾಯಾಲಯ’ ಎಂದು ತಲೆಬರಹ ಕೊಟ್ಟೆ.

ಮರುದಿನ ಬೆಳಿಗ್ಗೆ ನಮ್ಮ ಸಲಹೆಗಾರರಾದ ಹಿರಿಯ ವಕೀಲೆಯೊಬ್ಬರು ಫೋನ್ ಮಾಡಿದರು. ನಮಸ್ಕಾರ ಕೂಡ ಹೇಳಲಿಲ್ಲ.

“ನೀವು ಆದೇಶ ಓದಿದ್ದೀರೋ, ಸುದ್ದಿ ಓದಿದ್ದೀರೋ?”

“ಎರಡೂ, ಮೇಡಂ.”

“54ನೇ ಪ್ಯಾರಾ ತೆಗೆಯಿರಿ. ಅಲ್ಲಿ ಏನು ಸಂಭಾವ್ಯ ಎಂದಿದ್ದಾರೆ? ಕೃತ್ಯವೋ, ಹಕ್ಕೋ?”

ತೆಗೆದು ನೋಡಿದೆ. ದಕ್ಷಿಣ ಆಫ್ರಿಕಾ ಪ್ರತಿಪಾದಿಸಿದ ಹಕ್ಕುಗಳಲ್ಲಿ ಕೆಲವಾದರೂ ಸಂಭಾವ್ಯ (ಇಂಗ್ಲಿಷ್‌ನಲ್ಲಿ ‘ಪ್ಲಾಸಿಬಲ್’, ವಾದಕ್ಕೆ ನಿಲ್ಲುವಂಥವು) ಎನ್ನಲು ಮುಂದಿರುವ ಸಂಗತಿಗಳು ಸಾಕು ಎಂದಿತ್ತು. ಎಂದರೆ, ನರಮೇಧದ ಕೃತ್ಯಗಳಿಂದ ರಕ್ಷಣೆ ಪಡೆಯುವ ಗಾಜಾದ ಪ್ಯಾಲೆಸ್ಟೀನಿಯನ್ನರ ಹಕ್ಕು ಮತ್ತು ಆ ಒಪ್ಪಂದವನ್ನು ಪಾಲಿಸುವಂತೆ ಕೇಳುವ ದಕ್ಷಿಣ ಆಫ್ರಿಕಾದ ಹಕ್ಕು. ನರಮೇಧ ನಡೆದಿದೆಯೇ ಎಂಬ ಪ್ರಶ್ನೆಗೆ ಆ ಹಂತದಲ್ಲಿ ನ್ಯಾಯಾಲಯ ಕೈಹಾಕಿರಲೇ ಇಲ್ಲ. ‘ಮೇಲ್ನೋಟಕ್ಕೆ’ ಎಂಬ ಪದಕ್ಕೆ ಸಮನಾದ ಮಾತು ಆದೇಶದಲ್ಲಿ ಇತ್ತು, ಆದರೆ ಬೇರೆ ಕಡೆ: ಈ ವ್ಯಾಜ್ಯವನ್ನು ಆಲಿಸುವ ಅಧಿಕಾರ ಮೇಲ್ನೋಟಕ್ಕೆ ತನಗಿದೆ ಎಂದು ಹೇಳುವಲ್ಲಿ. ನಾನು ಎರಡು ಬೇರೆ ಪದಗಳನ್ನು ಒಂದೇ ಕನ್ನಡ ಪದದಲ್ಲಿ ಅದ್ದಿ ತೆಗೆದಿದ್ದೆ. ‘ಮೇಲ್ನೋಟಕ್ಕೆ ಕಂಡುಬಂದಿದೆ’ ಎಂಬುದು ನಮ್ಮ ಕೋರ್ಟು ವರದಿಗಾರಿಕೆಯ ಸಿದ್ಧ ನುಡಿ. ಅದನ್ನು ಓದಿದವನಿಗೆ ಆರೋಪಿ ಅರ್ಧ ಜೈಲಿಗೆ ಹೋದಂತೆಯೇ.

ಇದು ನನ್ನೊಬ್ಬನ ಎಡವಟ್ಟಾಗಿರಲಿಲ್ಲ ಎಂಬುದು ಸಮಾಧಾನದ ಮಾತಲ್ಲ, ಆದರೂ ನಿಜ. ಆದೇಶ ಓದಿದ ದಿನ ನ್ಯಾಯಾಲಯದ ಅಧ್ಯಕ್ಷೆಯಾಗಿದ್ದವರು ಜೋನ್ ಡೊನಾಹ್ಯೂ. ನಿವೃತ್ತಿಯ ನಂತರ, ಅದೇ ವರ್ಷದ ಏಪ್ರಿಲ್‌ನಲ್ಲಿ, ಬಿಬಿಸಿ ಸಂದರ್ಶನದಲ್ಲಿ ಅವರೇ ಇದನ್ನು ಬಿಡಿಸಿ ಹೇಳಬೇಕಾಯಿತು. ರಕ್ಷಣೆ ಪಡೆಯುವ ಹಕ್ಕು ಸಂಭಾವ್ಯ ಎಂದೆವು, ನರಮೇಧದ ಆರೋಪವೇ ಸಂಭಾವ್ಯ ಎಂದು ತೀರ್ಮಾನಿಸಲಿಲ್ಲ ಎಂಬುದು ಅವರ ಮಾತಿನ ತಿರುಳು. ಆ ಪದದ ಅರ್ಥ ನಿಜಕ್ಕೂ ಇಷ್ಟೇ ಸಪೂರವೇ ಎಂದು ಅಂತರರಾಷ್ಟ್ರೀಯ ಕಾನೂನಿನ ಪಂಡಿತರು ಈಗಲೂ ಜಗಳವಾಡುತ್ತಾರೆ. ಹಕ್ಕು ಸಂಭಾವ್ಯವೇ ಎಂದು ನೋಡಲು ನ್ಯಾಯಾಲಯ ಸಂಗತಿಗಳನ್ನೂ ತೂಗಿತಲ್ಲ, ಹಾಗಾದರೆ ಅದು ಬರೀ ಹಕ್ಕಿನ ಮಾತು ಹೇಗಾಗುತ್ತದೆ ಎಂದು ಒಂದು ಪಕ್ಷ ಕೇಳುತ್ತದೆ. ಪ್ರಶ್ನೆಯಲ್ಲಿ ಹುರುಳಿದೆ ಎಂದೇ ನನಗೂ ಅನಿಸುತ್ತದೆ. ಆದರೆ ಆ ಜಗಳವನ್ನು ತಲೆಬರಹದಲ್ಲಿ ತೀರ್ಮಾನಿಸುವ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ.

ಪೆಟ್ಟು ಬಿದ್ದದ್ದು ನನಗಲ್ಲ. ನಮ್ಮ ಓದುಗರೊಬ್ಬರು ನನ್ನ ಟಿಪ್ಪಣಿಯನ್ನು ಹಿಡಿದು ಸಭೆಯೊಂದರಲ್ಲಿ ಮಾತನಾಡಿದ್ದರು. ಎದುರು ಪಕ್ಷದವರು ಮೊಬೈಲ್‌ನಲ್ಲಿ ಆದೇಶವನ್ನೇ ತೆರೆದು, ಈ ಮಾತು ಎಲ್ಲಿದೆ ತೋರಿಸಿ ಎಂದರಂತೆ. ತೋರಿಸಲಾಗಲಿಲ್ಲ. ಆಮೇಲೆ ಅವರು ಹೇಳಿದ ಸತ್ಯವಾದ ಸಂಗತಿಗಳೂ ಸಭೆಯಲ್ಲಿ ನಿಲ್ಲಲಿಲ್ಲ. “ನೀವು ಬರೆದಿದ್ದೀರಿ ಎಂದೇ ಧೈರ್ಯವಾಗಿ ಹೇಳಿದೆ ಸಾರ್” ಎಂದರು, ಅಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು.

ಎರಡನೆಯ ತಪ್ಪು ಈ ನಾಚಿಕೆಯಿಂದಲೇ ಹುಟ್ಟಿದ್ದು. ಮುಂದಿನ ಸಂಚಿಕೆಯ ತಿದ್ದುಪಡಿಯಲ್ಲಿ ‘ನ್ಯಾಯಾಲಯ ಸದ್ಯಕ್ಕೆ ಯಾವುದನ್ನೂ ತೀರ್ಮಾನಿಸಿಲ್ಲ, ಕೆಲವು ಕ್ರಮಗಳನ್ನು ಸೂಚಿಸಿದೆಯಷ್ಟೇ’ ಎಂದು ಬರೆದೆ. ಬಿಸಿ ಹಾಲು ಕುಡಿದು ಬಾಯಿ ಸುಟ್ಟವನು ಮಜ್ಜಿಗೆಯನ್ನೂ ಊದಿ ಕುಡಿದಂತೆ. ಇದೂ ಸುಳ್ಳೇ. ಆ ಹಕ್ಕುಗಳಿಗೆ ಸರಿಪಡಿಸಲಾಗದ ಹಾನಿಯಾಗುವ ನೈಜ ಮತ್ತು ಸನ್ನಿಹಿತ ಅಪಾಯವಿದೆ ಎಂದು ನ್ಯಾಯಾಲಯ ಖಚಿತವಾಗಿ ಹೇಳಿತ್ತು. ಆರು ಕ್ರಮಗಳನ್ನು ವಿಧಿಸಿತ್ತು, ನಾಲ್ಕಕ್ಕೆ 15–2 ಮತ, ಎರಡಕ್ಕೆ 16–1. ಕದನವಿರಾಮಕ್ಕೆ ಆದೇಶಿಸಿರಲಿಲ್ಲ, ಸರಿ. ಆದರೆ ಮಾನವೀಯ ನೆರವು ತಲುಪುವಂತೆ ಮಾಡಬೇಕು, ನರಮೇಧಕ್ಕೆ ಪ್ರಚೋದಿಸುವವರನ್ನು ತಡೆದು ಶಿಕ್ಷಿಸಬೇಕು ಎಂದಿತ್ತು. ಇದು ‘ಸೂಚನೆಯಷ್ಟೇ’ ಹೇಗಾದೀತು?

“ನೀವು ಈಗ ಲಾಗ್ರಾಂಡ್ ಪ್ರಕರಣ ಓದಬೇಕು” ಎಂದರು ಅದೇ ಮೇಡಂ. ಈ ಸಲ ದನಿ ಸ್ವಲ್ಪ ಮೆತ್ತಗಿತ್ತು. ಓದಿದೆ. ಅನುವಾದದ ಕೆಲಸ ಮಾಡುವವರೆಲ್ಲ ಓದಲೇಬೇಕಾದ ಪ್ರಕರಣ ಅದು.

ವಾಲ್ಟರ್ ಲಾಗ್ರಾಂಡ್ ಎಂಬ ಜರ್ಮನ್ ಪ್ರಜೆಗೆ ಅಮೆರಿಕದ ಅರಿಜೋನಾದಲ್ಲಿ ಮರಣದಂಡನೆಯಾಗಿತ್ತು. ತನ್ನ ದೇಶದ ದೂತಾವಾಸದ ನೆರವು ಕೇಳುವ ಹಕ್ಕು ಅವನಿಗಿದೆ ಎಂದು ಸಕಾಲದಲ್ಲಿ ಯಾರೂ ತಿಳಿಸಿರಲಿಲ್ಲ. ಜರ್ಮನಿ ಕೊನೆಯ ಗಳಿಗೆಯಲ್ಲಿ ಹೇಗ್‌ಗೆ ಓಡಿತು. ಅಂತಿಮ ತೀರ್ಪು ಬರುವವರೆಗೆ ಅವನನ್ನು ಕೊಲ್ಲದಂತೆ ಅಮೆರಿಕ ತನ್ನ ಕೈಲಾದದ್ದನ್ನೆಲ್ಲ ಮಾಡಬೇಕು ಎಂದು ನ್ಯಾಯಾಲಯ 1999ರ ಮಾರ್ಚ್ 3ರಂದು ಮಧ್ಯಂತರ ಆದೇಶ ಕೊಟ್ಟಿತು. ಅದೇ ದಿನ ಅವನಿಗೆ ಮರಣದಂಡನೆ ಜಾರಿಯಾಯಿತು. ಮುಂದೆ ನಡೆದ ವಾದ ವ್ಯಾಕರಣದ್ದು. ಅಂತರರಾಷ್ಟ್ರೀಯ ನ್ಯಾಯಾಲಯದ ಸಂವಿಧಿಯ, ಅಂದರೆ ಅದರ ಮೂಲ ಒಪ್ಪಂದದ, 41ನೇ ವಿಧಿಯ ಇಂಗ್ಲಿಷ್ ಪಾಠದಲ್ಲಿ, ನ್ಯಾಯಾಲಯವು ಕ್ರಮಗಳನ್ನು ‘ಸೂಚಿಸಬಹುದು’, ಅವುಗಳನ್ನು ‘ಕೈಗೊಳ್ಳುವುದು ಉಚಿತ’ ಎಂಬ ಧಾಟಿಯಿದೆ. ಫ್ರೆಂಚ್ ಪಾಠದಲ್ಲಿ ಇರುವುದು ‘ಕೈಗೊಳ್ಳಲೇಬೇಕು’ ಎಂಬ ಕ್ರಿಯಾಪದ. ಎರಡೂ ಅಧಿಕೃತ. ಎರಡು ಪಾಠಗಳು ಪೂರ್ತಿ ಹೊಂದದಿದ್ದಾಗ ಒಪ್ಪಂದದ ಉದ್ದೇಶಕ್ಕೆ ಯಾವುದು ಚೆನ್ನಾಗಿ ಕೂಡುತ್ತದೆ ಎಂದು ನೋಡು ಎನ್ನುತ್ತದೆ ನಿಯಮ. ಜೀವ ಹೋದ ಮೇಲೆ ತೀರ್ಪು ಕೊಟ್ಟು ಪ್ರಯೋಜನವೇನು? ಹೀಗಾಗಿ 2001ರ ಜೂನ್ 27ರ ತೀರ್ಪಿನಲ್ಲಿ, ತನ್ನ ಮಧ್ಯಂತರ ಆದೇಶಗಳು ದೇಶಗಳನ್ನು ಕಾನೂನಿನಿಂದ ಬಂಧಿಸುತ್ತವೆ ಎಂದು ನ್ಯಾಯಾಲಯ ಮೊದಲ ಬಾರಿಗೆ ಸ್ಪಷ್ಟವಾಗಿ ಸಾರಿತು. ಅಂದಿನಿಂದ ಇದು ಗಟ್ಟಿ ನೆಲ. ನಾನು ‘ಸೂಚಿಸಿದೆಯಷ್ಟೇ’ ಎಂದು ಬರೆದದ್ದು ಆ ನೆಲಕ್ಕೆ ಇಪ್ಪತ್ತೆರಡು ವರ್ಷ ತುಂಬಿದ ಮೇಲೆ.

ನಡುವೆ ಒಂದು ಗೊಣಗಾಟ. ಹೇಗ್‌ನಲ್ಲಿ ಎರಡು ಬೇರೆ ನ್ಯಾಯಾಲಯಗಳಿವೆ ಎಂಬುದನ್ನು ಎಷ್ಟು ಸಲ ಬರೆದರೂ ಸಾಲದು. ಅಂತರರಾಷ್ಟ್ರೀಯ ನ್ಯಾಯಾಲಯ ವ್ಯಾಜ್ಯವೆಂದು ಕೇಳುವುದು ದೇಶ-ದೇಶಗಳ ನಡುವಿನದನ್ನಷ್ಟೇ, ಯಾವ ವ್ಯಕ್ತಿಯನ್ನೂ ಸೆರೆಹಿಡಿಯುವುದಿಲ್ಲ. 2023ರ ಮಾರ್ಚ್‌ನಲ್ಲಿ ಪುಟಿನ್ ಅವರ, 2024ರ ನವೆಂಬರ್‌ನಲ್ಲಿ ನೆತನ್ಯಾಹು ಅವರ ವಿರುದ್ಧ ವಾರಂಟ್ ಹೊರಡಿಸಿದ್ದು 1998ರ ರೋಮ್ ಶಾಸನದಿಂದ ಹುಟ್ಟಿದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. ಅದಕ್ಕೆ ತನ್ನದೇ ಪೊಲೀಸರಿಲ್ಲ. ಪುಟಿನ್ 2024ರ ಸೆಪ್ಟೆಂಬರ್‌ನಲ್ಲಿ ಸದಸ್ಯ ದೇಶವಾದ ಮಂಗೋಲಿಯಾಕ್ಕೆ ಹೋಗಿ ಆರಾಮವಾಗಿ ಮರಳಿದರು. ಹುದ್ದೆಯಲ್ಲಿರುವ ರಾಷ್ಟ್ರಾಧ್ಯಕ್ಷರನ್ನು ಹಿಡಿಯಬಹುದೇ ಎಂಬ ಚರ್ಚೆ ಇನ್ನೊಂದು ಬರಹಕ್ಕೆ ಇರಲಿ.

ಈಗ ಅಲ್ಪವಿರಾಮದ ವಿಷಯ. 2024ರ ಮೇ 24ರಂದು ಅದೇ ಮೊಕದ್ದಮೆಯಲ್ಲಿ ಗಾಜಾದ ದಕ್ಷಿಣ ತುದಿಯ ರಫಾ ಕುರಿತು ಹೊಸ ಆದೇಶ ಬಂತು, 13–2 ಬಹುಮತದಿಂದ. ಈ ಸಲ ನಾನು ಸುದ್ದಿಗಳ ಕಡೆ ತಿರುಗಿಯೂ ನೋಡಲಿಲ್ಲ. ಆದೇಶವನ್ನು ಮುದ್ರಿಸಿಕೊಂಡು, ಪೆನ್ಸಿಲ್ ಹಿಡಿದು ಕುಳಿತೆ. ಇಂಗ್ಲಿಷ್ ವಾಕ್ಯದ ಅನುಕ್ರಮ ಹೀಗಿತ್ತು: ಇಸ್ರೇಲ್ ತಕ್ಷಣ ನಿಲ್ಲಿಸತಕ್ಕದ್ದು, ಏನನ್ನು? ತನ್ನ ಸೇನಾ ಆಕ್ರಮಣವನ್ನು, ಮತ್ತು ರಫಾ ಪ್ರಾಂತ್ಯದಲ್ಲಿ ಇತರ ಯಾವುದೇ ಕ್ರಮವನ್ನು. ಅದಾದ ಮೇಲೆ ಒಂದು ಅಲ್ಪವಿರಾಮ, ಅದರ ಬೆನ್ನಿಗೆ ಒಂದು ಬಾಲ: ಗಾಜಾದ ಪ್ಯಾಲೆಸ್ಟೀನಿಯನ್ ಸಮುದಾಯದ ಭೌತಿಕ ನಾಶಕ್ಕೆ ಎಡೆಮಾಡುವಂಥ ಜೀವನಸ್ಥಿತಿಯನ್ನು ಹೇರಬಹುದಾದದ್ದು.

ಈ ಬಾಲ ಅಂಟುವುದು ಯಾವುದಕ್ಕೆ? ‘ಇತರ ಕ್ರಮ’ಕ್ಕೆ ಮಾತ್ರವೇ, ‘ಆಕ್ರಮಣ’ಕ್ಕೂ ಸೇರಿಯೇ? ಮೊದಲನೆಯದಾದರೆ ಆಕ್ರಮಣ ಪೂರ್ತಿ ನಿಲ್ಲಬೇಕು. ಎರಡನೆಯದಾದರೆ, ಅಂಥ ಸ್ಥಿತಿಗೆ ದೂಡುವ ಮಟ್ಟಿಗಿನ ಆಕ್ರಮಣ ಮಾತ್ರ ನಿಲ್ಲಬೇಕು. ಆದೇಶದ ಪರ ಮತ ಹಾಕಿದ ನ್ಯಾಯಾಧೀಶರೇ ಇದರಲ್ಲಿ ಒಂದಾಗಿರಲಿಲ್ಲ. ಜರ್ಮನಿಯ ನೋಲ್ಟೆ, ರೊಮೇನಿಯಾದ ಔರೆಸ್ಕು ಅದನ್ನು ಷರತ್ತಿಗೆ ಒಳಪಟ್ಟ ನಿಷೇಧವೆಂದು ಓದಿ ಪ್ರತ್ಯೇಕ ಹೇಳಿಕೆ ಬರೆದರು. ದಕ್ಷಿಣ ಆಫ್ರಿಕಾದ ಟ್ಲಾಡಿ, ರಫಾದಲ್ಲಿ ಆಕ್ರಮಣ ನಿಲ್ಲಿಸಿ ಎಂದು ನ್ಯಾಯಾಲಯ ನೇರವಾಗಿಯೇ ಹೇಳಿದೆ ಎಂದು ಬರೆದರು.

ಇಂಗ್ಲಿಷ್ ಅನುವಾದಿಸುವ ಕನ್ನಡಿಗನ ಪಾಡು ಇಲ್ಲಿ ನೋಡಿ. ಇಂಗ್ಲಿಷ್‌ನಲ್ಲಿ ಈ ವಿಶೇಷಣದ ಬಾಲ ನಾಮಪದಗಳ ನಂತರ ಬರುತ್ತದೆ. ಹಾಗಾಗಿ ಎರಡರ ನಡುವೆ ತೂಗಾಡುತ್ತ ನಿಲ್ಲಬಲ್ಲದು. ಕನ್ನಡದಲ್ಲಿ ಅದು ನಾಮಪದಕ್ಕಿಂತ ಮೊದಲೇ ಬರಬೇಕು. ‘ಹೇರಬಹುದಾದ’ ಎಂದು ಬರೆದ ಕೂಡಲೇ ‘ಹೇರಬಹುದಾದ ಏನು?’ ಎಂದು ವಾಕ್ಯ ಕೇಳುತ್ತದೆ. ನಾನು ಅದನ್ನು ‘ಆಕ್ರಮಣ’ದ ಮುಂದೆ ಇಟ್ಟರೆ ನೋಲ್ಟೆಯವರ ಪಕ್ಷ, ‘ಇತರ ಕ್ರಮ’ದ ಮುಂದೆ ಇಟ್ಟರೆ ಟ್ಲಾಡಿಯವರ ಪಕ್ಷ. ಹದಿನೈದು ಜನ ಸೇರಿ ಬಿಡಿಸದೆ ಬಿಟ್ಟ ಗಂಟನ್ನು ನನ್ನ ವ್ಯಾಕರಣ ನನ್ನ ಕೈಯಿಂದ ಬಿಡಿಸುತ್ತಿತ್ತು. ಸಂಧಾನದ ಪಠ್ಯಗಳಲ್ಲಿ ಇಂಥ ಗಂಟು ಬೇಕೆಂದೇ ಬಿಟ್ಟದ್ದೂ ಇರಬಹುದು: ಎಲ್ಲರೂ ಸಹಿ ಹಾಕಲಿ, ಜಗಳ ಆಮೇಲೆ ಆಡೋಣ ಎಂದು.

ಒಂದು ಮಧ್ಯಾಹ್ನ ಪೂರ್ತಿ ಹೆಣಗಿದೆ. ‘ಇವು’ ಎಂಬ ಸರ್ವನಾಮ ಹಾಕಿ ವಾಕ್ಯವನ್ನು ಒಡೆದೆ. ಬಹುವಚನವಾದದ್ದರಿಂದ ಎರಡಕ್ಕೂ ಅಂಟಿಕೊಂಡಿತು. ‘ಇದು’ ಎಂದರೆ ಕೊನೆಯದಕ್ಕೆ ಮಾತ್ರ. ಕಡೆಗೆ ಸೋಲೊಪ್ಪಿ, ಎರಡು ಅನುವಾದಗಳನ್ನು ಒಂದರ ಕೆಳಗೊಂದು ಅಚ್ಚು ಹಾಕಿಸಿದೆ. ಮೂಲದಲ್ಲಿ ವಾಕ್ಯ ಒಂದೇ ಇದೆ, ಯಾವ ನ್ಯಾಯಾಧೀಶರು ಅದನ್ನು ಹೇಗೆ ಓದಿದ್ದಾರೆ ಎಂದು ಅಡಿಯಲ್ಲಿ ನಾಲ್ಕು ಸಾಲು ಸೇರಿಸಿದೆ. ಪುಟ ವಿನ್ಯಾಸ ಮಾಡುವ ಹುಡುಗನಿಗೆ ಸಿಟ್ಟು ಬಂದಿತ್ತು, ಜಾಗ ಸಾಲುವುದಿಲ್ಲ ಎಂದು. ಸಂಪಾದಕರು, “ಓದುಗರಿಗೆ ಗೊಂದಲವಾಗುವುದಿಲ್ಲವೇ?” ಎಂದರು. ಗೊಂದಲವಾಗಲಿ, ಅದು ನ್ಯಾಯಾಲಯದ ಗೊಂದಲ, ನನ್ನದಲ್ಲ ಎಂದೆ. ಅಷ್ಟು ಗಟ್ಟಿಯಾಗಿ ಅವರೆದುರು ಮಾತನಾಡಿದ್ದು ಅದೇ ಮೊದಲು.

ಹಿಂದಿನ ಸಲ ಸಭೆಯಲ್ಲಿ ಮುಖಭಂಗವಾಗಿತ್ತಲ್ಲ, ಅವರೇ ಫೋನ್ ಮಾಡಿದರು. “ಎರಡರಲ್ಲಿ ಯಾವುದು ಸರಿ ಸಾರ್?” ಎಂದರು. ಗೊತ್ತಿಲ್ಲ, ನ್ಯಾಯಾಧೀಶರಿಗೇ ಒಮ್ಮತವಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನೇ ಸಭೆಯಲ್ಲಿ ಹೇಳಬಹುದಾ?” ಎಂದು ಕೇಳಿದರು. ಹೇಳಿ ಎಂದೆ.

ಈಗ ಮೇಜಿನ ಮೇಲೆ ಇರುವುದು ಹವಾಮಾನ ಬದಲಾವಣೆ ಕುರಿತು 2025ರ ಜುಲೈ 23ರಂದು ಅದೇ ನ್ಯಾಯಾಲಯ ಒಮ್ಮತದಿಂದ ಕೊಟ್ಟ ಅಭಿಪ್ರಾಯ. ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು ಎತ್ತಿದ ಪ್ರಶ್ನೆಯನ್ನು ವನುವಾಟು ದೇಶ ವಿಶ್ವಸಂಸ್ಥೆಯ ಮಹಾಸಭೆಗೆ ಒಯ್ದು, ಅಲ್ಲಿಂದ ಅದು ಹೇಗ್ ತಲುಪಿತು. ಇಂಥದ್ದನ್ನು ನಾವು ರೂಢಿಯಿಂದ ‘ಸಲಹಾ ಅಭಿಪ್ರಾಯ’ ಎನ್ನುತ್ತೇವೆ. ಕನ್ನಡದ ಕಿವಿಗೆ ‘ಸಲಹೆ’ ಎಂದರೆ ಬೇಕಾದರೆ ಕೇಳು, ಬೇಡವಾದರೆ ಬಿಡು. ಅಭಿಪ್ರಾಯ ತೀರ್ಪಿನಂತೆ ಬಂಧಿಸುವುದಿಲ್ಲ ಎಂಬುದೇನೋ ನಿಜ. ಆದರೆ ಹವಾಮಾನಕ್ಕೆ ಗಂಭೀರ ಹಾನಿಯಾಗದಂತೆ ತಡೆಯುವುದು ದೇಶಗಳ ಬಾಧ್ಯತೆ, ಅದು ಒಪ್ಪಂದಗಳಿಂದಷ್ಟೇ ಅಲ್ಲ, ದೇಶಗಳ ನಡವಳಿಕೆಯಿಂದ ಬೇರೂರಿದ ರೂಢಿಗತ ಅಂತರರಾಷ್ಟ್ರೀಯ ಕಾನೂನಿನಿಂದಲೂ ಬರುತ್ತದೆ ಎಂದು ಅದು ಹೇಳುತ್ತದೆ. ಅಭಿಪ್ರಾಯ ಬಂಧಿಸದಿದ್ದರೂ ಆ ಕಾನೂನು ಬಂಧಿಸುತ್ತದೆ. ‘ಸಲಹೆ’ ಎಂದು ಬರೆದರೆ ಹಲ್ಲು ಕಿತ್ತಂತೆ, ‘ತೀರ್ಪು’ ಎಂದರೆ ಇಲ್ಲದ ಹಲ್ಲು ಕಟ್ಟಿಸಿದಂತೆ. ಸದ್ಯ ‘ನ್ಯಾಯಾಲಯದ ಅಭಿಪ್ರಾಯ’ ಎಂದಷ್ಟೇ ಬರೆದು, ಪಕ್ಕದಲ್ಲಿ ಪೆನ್ಸಿಲ್‌ನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಮೇಡಂ ನಾಳೆ ಬೆಳಿಗ್ಗೆ ಫೋನ್ ಮಾಡುವವರಿದ್ದಾರೆ.