ಮೂರನೇ ಕರಡಿನ ಲೆಕ್ಕ: ಹಿನ್ನೀರಿನ ಆಚೆಯ ಭವ್ಯ

ಎಲ್ಲಿಗೆ ಬಂತು

22 ಅಧ್ಯಾಯಗಳಲ್ಲಿ 16 ಮುಗಿದಿವೆ, 24,000 ಪದ ದಾಟಿದೆ. ಇಡೀ ಕಾದಂಬರಿಗೆ 33,000 ಪದದ ಅಂದಾಜು. ಹದಿಹರೆಯದವರ ಕಾದಂಬರಿಗೆ ಇಂಗ್ಲಿಷಿನಲ್ಲಿ ಹೇಳುವ ಪದಸಂಖ್ಯೆಯನ್ನು ಕನ್ನಡಕ್ಕೆ ಹಾಗೇ ತಂದರೆ ಪುಸ್ತಕ ಊದಿಕೊಳ್ಳುತ್ತದೆ. ಅಲ್ಲಿ ಮೂರು ಪದ ಬೇಕಾದ ಕಡೆ ಇಲ್ಲಿ ‘ಮನೆಯಲ್ಲಿ’ ಅಂದರೆ ಮುಗಿಯಿತು, ವಿಭಕ್ತಿ ಪದಕ್ಕೇ ಅಂಟಿರುತ್ತದೆ.

ಭವ್ಯ ಸಾಗರ ತಾಲ್ಲೂಕು ಕರೂರು ಹೋಬಳಿಯ ಹುಡುಗಿ. ಹದಿನೇಳು ವರ್ಷ, ದ್ವಿತೀಯ ಪಿಯುಸಿ, ಮದುವೆಗೆ ಮುಂಚೆ ಬಸುರಿಯಾಗುತ್ತಾಳೆ. ಮಗುವಿನ ತಂದೆ ಚೇತನ್‌ಗೂ ಹದಿನೇಳೇ, ನಾಲ್ಕು ತಿಂಗಳು ದೊಡ್ಡವನು. ಕಥೆ 2023ರ ಆಗಸ್ಟ್‌ನಿಂದ 2024ರ ಜುಲೈವರೆಗೆ ನಡೆಯುತ್ತದೆ. ಈ ವರ್ಷವನ್ನೇ ಹಿಡಿದದ್ದು ಜನರನ್ನು ಹಿನ್ನೀರು ದಾಟಿಸುವ ಲಾಂಚ್‌ಗಾಗಿ. ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅದಕ್ಕೆ ಮುಂಚೆ ಸಾಗರದ ಆಸ್ಪತ್ರೆಗೆ ಹೋಗಬೇಕೆಂದರೆ ಲಾಂಚ್ ಹತ್ತಬೇಕಿತ್ತು, ಇಲ್ಲವೇ ದೂರದ ಸುತ್ತು ದಾರಿ ಹಿಡಿಯಬೇಕಿತ್ತು. ರಾತ್ರಿ ಲಾಂಚ್ ಇರಲಿಲ್ಲ. ಈಗಿನ ಕಾಲಕ್ಕೆ ತಂದರೆ ಅರ್ಧ ಕಥೆ ಸೇತುವೆಯ ಮೇಲೆ ಹತ್ತು ನಿಮಿಷದಲ್ಲಿ ದಾಟಿ ಹೋಗುತ್ತದೆ.

ತಾರೀಖು ಸರಿಮಾಡಿದ್ದು

ಈ ಕರಡಿನ ಅತಿ ದೊಡ್ಡ ಕೆಲಸ ಇದೇ. ಎರಡನೇ ಕರಡಿನಲ್ಲಿ ವಾರಗಳ ಎಣಿಕೆ ಗರ್ಭ ನಿಂತ ದಿನದಿಂದ ಶುರುವಾಗಿತ್ತು. ವೈದ್ಯರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಎರಡಕ್ಕೂ ಸುಮಾರು ಎರಡು ವಾರದ ವ್ಯತ್ಯಾಸ. ಬೇರೆ ಕಥೆಯಲ್ಲಾದರೆ ಎರಡು ವಾರ ನಡೆದುಹೋಗುತ್ತಿತ್ತು. ಇಲ್ಲಿ ಗರ್ಭಪಾತಕ್ಕೆ ಕಾನೂನು ಎಳೆದ 24 ವಾರದ ಗೆರೆ ನಡುವೆ ಬರುತ್ತದೆ. ಹಳೆಯ ಎಣಿಕೆಯನ್ನೇ ಇಟ್ಟುಕೊಂಡಿದ್ದರೆ ಭವ್ಯ ಮನಸ್ಸಿನಲ್ಲಿ 22 ಅಂದುಕೊಂಡದ್ದನ್ನು ಸ್ಕ್ಯಾನಿಂಗ್ ಚೀಟಿ 24 ಅನ್ನುತ್ತಿತ್ತು, ಆಮೇಲೆ ಬರುವ ಐದು ಅಧ್ಯಾಯವೂ ಸುಳ್ಳಾಗುತ್ತಿತ್ತು.

ಈಗ ಕೊನೆಯ ಮುಟ್ಟಿನ ಮೊದಲ ದಿನ 2023 ಆಗಸ್ಟ್ 20 ಎಂದು ಗೂಟ ಹೊಡೆದಾಗಿದೆ. 280 ದಿನ ಕೂಡಿಸಿದರೆ ಹೆರಿಗೆಯ ತಾರೀಖು 2024 ಮೇ 26. ಫೆಬ್ರವರಿಯಲ್ಲಿ 29 ದಿನ ಇದ್ದ ವರ್ಷ, ಕೈಲೆಕ್ಕ ಮಾಡುವಾಗ ಒಂದು ದಿನ ತಪ್ಪುವುದು ಇಲ್ಲೇ. ಗೋಡೆಯ ಮೇಲೆ ಉದ್ದನೆಯ ಕಾಗದ ಅಂಟಿಸಿ ನಾಲ್ಕು ಸಾಲು ಎಳೆದಿದೆ: ಮೈಯ ಸಾಲು, ಕಾಲೇಜಿನ ಸಾಲು, ತೋಟದ ಸಾಲು, ಕಾನೂನಿನ ಸಾಲು. ಯಾವ ದೃಶ್ಯ ಬರೆದರೂ ನಾಲ್ಕೂ ಸಾಲು ನೋಡಿ ಬರೆಯುವುದು.

ಹಾಗೆ ನೋಡಿದಾಗ ಹಲವು ತಪ್ಪು ಸಿಕ್ಕವು. ಮಗು ಒದೆಯುವುದನ್ನು 12ನೇ ವಾರಕ್ಕೆ ಇಟ್ಟಿತ್ತು. ಚೊಚ್ಚಲಲ್ಲಿ ಅಲುಗಾಟ ಗೊತ್ತಾಗುವುದು ಸಾಮಾನ್ಯವಾಗಿ 18ರಿಂದ 20 ವಾರಕ್ಕೆ, ಅಂದರೆ ಡಿಸೆಂಬರ್ ಕೊನೆ, ಜನವರಿ ಮೊದಲು. ಅದು ಅಡಿಕೆ ಸುಲಿಯುವ ಕಾಲ. ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿಯ ಮುಂದೆ ಬಗ್ಗಿ ಕೂತವಳಿಗೆ ಹೊಟ್ಟೆಯೊಳಗೆ ಮೀನು ತಿರುಗಿದ ಹಾಗಾಗುತ್ತದೆ. ವಾಯು ಅಂದುಕೊಂಡು ಅಜ್ಜಿಯ ಹತ್ತಿರ ಓಮಿನ ಕಷಾಯ ಕೇಳುತ್ತಾಳೆ. ಆ ಅರ್ಧ ಪುಟ ಬರೆದ ಮೇಲೆ ಮೊದಲು ಬರೆದಿದ್ದ ವಾಂತಿ, ತಲೆಸುತ್ತಿನ ದೃಶ್ಯಗಳನ್ನೆಲ್ಲ ತೆಗೆದುಹಾಕಿದೆ. ಹುಡುಗಿ ತಲೆ ತಿರುಗಿ ಬಿದ್ದು ಡಾಕ್ಟರು ನಾಡಿ ಹಿಡಿದು ಹೇಳುವ ದೃಶ್ಯವನ್ನು ಓದುಗರು ನೂರು ಸಲ ನೋಡಿದ್ದಾರೆ.

ಹಾಗಾದರೆ ಗೊತ್ತಾಗುವುದು ಯಾರಿಗೆ? ಆಶಾ ಕಾರ್ಯಕರ್ತೆಗೆ. ಜನವರಿಯಲ್ಲಿ ಅವರು ಮನೆಮನೆಗೆ ಬರಲು ಮಲೆನಾಡಿನಲ್ಲಿ ಒಂದು ಗಟ್ಟಿ ಕಾರಣ ಇದೆ: ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ, 2018-19ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಲಗೋಡು ಭಾಗವನ್ನು ನಡುಗಿಸಿತ್ತು. ಬೇಸಗೆ ಮುಗಿಯುವವರೆಗೆ ಜ್ವರ ಇದೆಯಾ ಎಂದು ವಿಚಾರಿಸುವುದು, ಈ ರೋಗ ಹರಡುವ ಉಣ್ಣೆ ಹುಳ ಹತ್ತದ ಹಾಗೆ ಕೈಕಾಲಿಗೆ ಹಚ್ಚುವ ಡೆಪಾ ಎಣ್ಣೆ ಕೊಡುವುದು ಆಶಾ ಕೆಲಸದಲ್ಲೇ ಸೇರಿದೆ. 2024 ಜನವರಿ 23ರಂದು ಎಣ್ಣೆ ಬಾಟಲಿ ಹಿಡಿದು ಅಂಗಳಕ್ಕೆ ಬಂದವರು ಭವ್ಯ ಜಗಲಿಯಿಂದ ಏಳುವ ರೀತಿ ನೋಡುತ್ತಾರೆ. ಒಂದು ಕೈ ಸೊಂಟಕ್ಕೆ, ಒಂದು ಕೈ ಕಂಬಕ್ಕೆ. ಆ ದಿನ 22 ವಾರ 2 ದಿನ. 24 ತುಂಬಲು ಉಳಿದದ್ದು 12 ದಿನ.

ಮಾತ್ರೆಯ ಬಣ್ಣ

ಸಣ್ಣ ವಿವರ, ಆದರೆ ಇಡೀ ಎಂಟನೇ ಅಧ್ಯಾಯವನ್ನು ಎತ್ತಿ ನಿಲ್ಲಿಸಿದೆ. ಶಾಲೆ-ಕಾಲೇಜಿನ ಹದಿಹರೆಯದವರಿಗೆ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಮಾತ್ರೆ ನೀಲಿ. ಗರ್ಭಿಣಿಯರಿಗೆ ದಿನಕ್ಕೊಂದರಂತೆ 180 ದಿನ ಕೊಡುವುದು ಕೆಂಪು. ಒಳಗಿರುವುದು ಎರಡರಲ್ಲೂ ಒಂದೇ, 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಜಾಮಿಟ್ರಿ ಬಾಕ್ಸಿನಲ್ಲಿ ಕೆಂಪು ಮಾತ್ರೆ ಕಂಡ ಗೆಳತಿಗೆ ಬೇರೆ ಯಾರೂ ಏನೂ ಹೇಳಬೇಕಾಗಿಲ್ಲ. ಅವಳು ಬಾಕ್ಸ್ ಮುಚ್ಚಿ ವಾಪಸ್ ಕೊಡುತ್ತಾಳೆ, ಅಷ್ಟೇ. ಹಿಂದಿನ ಕರಡಿನಲ್ಲಿ ಇದೇ ವಿಷಯಕ್ಕೆ ಎರಡೂವರೆ ಪುಟ ಮಾತುಕತೆ ಇತ್ತು.

ಕಾನೂನಿನ ಸಾಲು

ಇಲ್ಲಿ ತಪ್ಪಿದರೆ ಓದುವ ಹುಡುಗಿಗೆ ನಿಜವಾಗಿ ಹಾನಿ ಆಗುತ್ತದೆ. ಆದ್ದರಿಂದ ಈ ಭಾಗದಲ್ಲಿ ಕಥೆಯ ಅನುಕೂಲಕ್ಕೆ ಒಂದು ಎಳೆಯನ್ನೂ ಬಗ್ಗಿಸಿಲ್ಲ.

ಮೊದಲ ಕರಡಿನಲ್ಲಿ ಒಬ್ಬ ಒಳ್ಳೆಯ ವೈದ್ಯೆ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡುತ್ತಿದ್ದರು. ಹಾಗೆ ಮಾತು ಕೊಡಲು ಬರುವುದಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳು, ಒಪ್ಪಿಗೆಯ ಪ್ರಶ್ನೆಯೇ ಇಲ್ಲ. ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ. ಈಗ ಅದೇ ವೈದ್ಯೆ ಮೊದಲ ವಾಕ್ಯದಲ್ಲೇ ಹೇಳುತ್ತಾರೆ: ‘ನಾನು ತಿಳಿಸಲೇಬೇಕು ಮಾರಾಯ್ತಿ, ತಿಳಿಸುವ ಮುಂಚೆ ನಿನಗೆ ಎಲ್ಲ ವಿವರಿಸ್ತೇನೆ.’ ಪಾತ್ರ ಇದರಿಂದ ಇನ್ನೂ ಒಳ್ಳೆಯದಾಯಿತು.

ಎರಡನೇ ಕರಡಿನಲ್ಲಿ ವಿಷಯ ಹೊರಬೀಳುವುದು 27ನೇ ವಾರಕ್ಕೆ. ಗರ್ಭಪಾತದ ಮಾತು ಎತ್ತುವುದನ್ನು ತಪ್ಪಿಸಿಕೊಳ್ಳಲು ಅದು ಸುಲಭದ ದಾರಿಯಾಗಿತ್ತು, ಅದಕ್ಕೇ ಬದಲಾಯಿಸಿದ್ದು. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರಿಗೆ 24 ವಾರದವರೆಗೆ ಅವಕಾಶ ಇದೆ. 20 ದಾಟಿದ ಮೇಲೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು, ಪೋಷಕರ ಲಿಖಿತ ಒಪ್ಪಿಗೆ ಬೇಕು. 2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ, ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಗರ್ಭಪಾತಕ್ಕೆ ಬಂದವಳ ಹೆಸರು, ಗುರುತನ್ನು ವೈದ್ಯರು ಪೊಲೀಸರಿಗೆ ಕೊಡಬೇಕಿಲ್ಲ. ಇಷ್ಟನ್ನೂ ವೈದ್ಯೆ ಭವ್ಯಳಿಗೆ ಹೇಳುತ್ತಾರೆ, ಅಪ್ಪ-ಅಮ್ಮನನ್ನು ಹೊರಗೆ ಕೂರಿಸಿ ಅವಳನ್ನೇ ಕೇಳುತ್ತಾರೆ. ಅವಳು ಬೇಡವೆನ್ನಲು ಅವಳದೇ ಕಾರಣಗಳಿವೆ, ಅದಕ್ಕೆ ನಾಲ್ಕು ಪುಟ. ಆ ನಿರ್ಧಾರಕ್ಕೆ ಕಾದಂಬರಿ ಮುಂದೆ ಎಲ್ಲಿಯೂ ಬಹುಮಾನ ಕೊಡುವುದಿಲ್ಲ, ಶಿಕ್ಷೆಯನ್ನೂ ಕೊಡುವುದಿಲ್ಲ. ಬೇರೆ ಉತ್ತರ ಕೊಟ್ಟ ಹುಡುಗಿಯೂ ಈ ಪುಸ್ತಕ ಓದಬಹುದು ಎಂಬುದು ಪ್ರತಿ ಪುಟದಲ್ಲೂ ನೆನಪಿರಬೇಕು.

ದೇವಸ್ಥಾನದಲ್ಲಿ ಸದ್ದಿಲ್ಲದೆ ತಾಳಿ ಕಟ್ಟಿಸುವ ಅಧ್ಯಾಯವನ್ನು ಪೂರ್ತಿ ತೆಗೆದದ್ದಲ್ಲ, ತಿರುಗಿಸಿ ಬರೆದದ್ದು. ದೊಡ್ಡಪ್ಪ ಆ ಸಲಹೆ ತರುತ್ತಾರೆ, ಮನೆಯಲ್ಲಿ ಒಂದು ಹಗಲು ಎಲ್ಲರಿಗೂ ಅದೇ ಸರಿ ಅನ್ನಿಸುತ್ತದೆ. ಕರ್ನಾಟಕದ 2016ರ ತಿದ್ದುಪಡಿಯಿಂದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಮಾಡಿಸಿದವರ ಮೇಲೆ ಪ್ರಕರಣ ಬೇರೆ. ಅವಳಿಗೆ 18, ಅವನಿಗೆ 21 ಆಗದೆ ಆ ತಾಳಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಇದನ್ನು ಹೇಳುವವರು ಆಶಾ, ಒಲೆಯ ಮುಂದೆ ಕೂತು, ಅಜ್ಜಿಗೆ.

ಚೇತನ್‌ನ ಕಡೆ ಕೆಲಸ ಇನ್ನೂ ಇದೆ. ಅವನು ಹೋಗುವುದು ಬಾಲ ನ್ಯಾಯ ಮಂಡಳಿಯ ಮುಂದೆ. 16 ದಾಟಿದವನ ಮೇಲೆ ಘೋರ ಅಪರಾಧದ ಆರೋಪ ಬಂದರೆ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದೆ, ಪೋಕ್ಸೊದ ಈ ಕಲಂ ಆ ವರ್ಗಕ್ಕೇ ಬರುತ್ತದೆ. ಭವ್ಯ ಅವನ ಮೇಲೆ ದೂರು ಹೇಳದಿದ್ದರೂ ಪ್ರಕರಣ ನಿಲ್ಲುವುದಿಲ್ಲ. ಅವನನ್ನು ಖಳನಾಗಿಯೂ ಮುಗ್ಧನಾಗಿಯೂ ಬರೆಯದೆ, ಹೆದರಿದ ಹುಡುಗನಾಗಿ ಬರೆಯುವುದಕ್ಕೆ 11ನೇ ಅಧ್ಯಾಯವನ್ನು ಐದು ಸಲ ತಿದ್ದಬೇಕಾಯಿತು. ಇನ್ನೊಂದು ಎಚ್ಚರ: ಭಾರತೀಯ ನ್ಯಾಯ ಸಂಹಿತೆ ಜಾರಿಯಾದದ್ದು 2024 ಜುಲೈ 1ರಂದು. ಇವರ ಎಫ್‌ಐಆರ್ ಜನವರಿಯದು, ಆದ್ದರಿಂದ ಕೊನೆಯ ಅಧ್ಯಾಯದ ವಕೀಲರ ಬಾಯಲ್ಲೂ ಹಳೆಯ ಐಪಿಸಿಯೇ ಬರಬೇಕು.

ಗರ್ಭ ನಿಂತ ಘಟನೆ ಪುಟದ ಮೇಲೆ ಇಲ್ಲ. ಪತ್ರಿಕೆಯಲ್ಲಿ ಬಂದ ಯಾವ ಪ್ರಕರಣವನ್ನೂ ಬಳಸಿಲ್ಲ. ಹಳ್ಳಿಯ ಲೆಕ್ಕದಲ್ಲಿ ಹೆಸರು ಬದಲಿಸಿದರೆ ಸಾಲದು, ಬಸ್ಸಿನ ದಾರಿ ಮತ್ತು ವರ್ಷ ಸಾಕು ಗುರುತು ಹಿಡಿಯಲು.

ಭಾಷೆ

‘ಹೋಗುತ್ತೇನೆ, ನೋಡುತ್ತೇನೆ’ ಎಂದು ವರ್ತಮಾನದಲ್ಲಿ ಬರೆದ ಮೂರು ಅಧ್ಯಾಯ ಬಿದ್ದುಹೋದವು. ಕನ್ನಡದಲ್ಲಿ ಆ ರೂಪ ನಾಳೆಗೂ ಸಲ್ಲುತ್ತದೆ, ದಿನನಿತ್ಯಕ್ಕೂ ಸಲ್ಲುತ್ತದೆ. ‘ಆಸ್ಪತ್ರೆಗೆ ಹೋಗುತ್ತೇನೆ’ ಅಂದರೆ ಈಗ ಹೋಗುತ್ತಿದ್ದಾಳೋ, ಹೋಗುವವಳೋ? ಭೂತಕಾಲಕ್ಕೆ ತಿರುಗಿಸಿ ‘ನಾನು’ಗಳನ್ನು ತೆಗೆದ ಮೇಲೆ ಓಟ ಬಂತು. ಕ್ರಿಯಾಪದವೇ ‘ನಾನು’ ಹೇಳುತ್ತದಲ್ಲ.

ಅಜ್ಜಿಯದು ಹವ್ಯಕ ಭಾಷೆ. ಅದರಲ್ಲಿ ಕೂಸು ಅಂದರೆ ಹುಡುಗಿ. ಹೆರಿಗೆಯ ಸುದ್ದಿ ಕೇಳಿ ಅಜ್ಜಿ ‘ಕೂಸಿಗೊಂದು ಕೂಸು’ ಅನ್ನುತ್ತಾರೆ. ಅವರ ಮಟ್ಟಿಗೆ ಅದು ಹುಡುಗಿಗೆ ಹೆಣ್ಣುಮಗು ಹುಟ್ಟಿತು ಎಂಬ ಸುದ್ದಿ. ಆ ಭಾಷೆ ಗೊತ್ತಿಲ್ಲದವರು ಓದಿದರೆ ಬೇರೆಯದು ಕೇಳಿಸುತ್ತದೆ. ಅಡಿಟಿಪ್ಪಣಿ ಹಾಕುವುದಿಲ್ಲ. ಮುಂಚಿನ ಅಧ್ಯಾಯಗಳಲ್ಲಿ ಅಜ್ಜಿ ಭವ್ಯಳನ್ನು ‘ಕೂಸೆ’ ಎಂದೇ ಆರೇಳು ಸಲ ಕರೆಯುವ ಹಾಗೆ ಮಾಡಿದೆ, ಅಷ್ಟು ಸಾಕು.

ಬಾಣಂತನದ ಆರು ಅಧ್ಯಾಯ

ಉಳಿದಿರುವುದು ಇದು. ಮಗು ಹುಟ್ಟುವುದು ಮೇ 21ಕ್ಕೆ, 39 ವಾರ 2 ದಿನಕ್ಕೆ, 2.3 ಕಿಲೋ. ಬಿರುಗಾಳಿಯ ರಾತ್ರಿ ಲಾಂಚ್‌ನಲ್ಲಿ ಹೆರಿಗೆ ಎಂಬ ಹಳೆಯ ದೃಶ್ಯ ಹೋಯಿತು. 2023 ಬರದ ವರ್ಷ, ಮುಂದಿನ ಮೇ ಕೊನೆಗೆ ಹಿನ್ನೀರಿನಲ್ಲಿ ಅಲೆ ಎಲ್ಲಿಂದ ಬರಬೇಕು? ನೀರು ಇಳಿದಾಗ ಲಾಂಚ್‌ಗೆ ವಾಹನ ಹತ್ತಿಸುವುದನ್ನೇ ಆಗ ನಿಲ್ಲಿಸುತ್ತಿದ್ದುದುಂಟು. ಈಗ ಅವಳು ನೋವು ಬರುವ ಎಂಟು ದಿನ ಮುಂಚೆಯೇ ಸಾಗರದ ಚಿಕ್ಕಮ್ಮನ ಮನೆಗೆ ಬರುತ್ತಾಳೆ. ಆ ಭಾಗದ ಮನೆಗಳಲ್ಲಿ ಬುದ್ಧಿವಂತರು ಮಾಡುತ್ತಿದ್ದುದೂ ಹಾಗೇ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಮನೆಗೆ ಬರುವ ದಿನಗಳು 3, 7, 14, 21, 28, 42. ಆರು ಭೇಟಿ, ಆರು ಅಧ್ಯಾಯ. ಪ್ರತಿ ಸಲವೂ ತೂಕ, ಜ್ವರ, ಹೊಕ್ಕುಳು. ಎರಡೂವರೆ ಕಿಲೋಗಿಂತ ಕಡಿಮೆ ಇರುವ ಮಗುವನ್ನು ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಂಡಿರಬೇಕು. ಅಜ್ಜಿಗೆ ಮಾತ್ರ ಬೇಕಾದದ್ದು ಕೆಂಡ, ಲೋಬಾನದ ಹೊಗೆ, ಎಣ್ಣೆ ನೀರು, ನಾಲಿಗೆಗೆ ಜೇನು. ಹೊಗೆ ಪುಪ್ಪುಸಕ್ಕೆ ಕೆಟ್ಟದ್ದು, ಜೇನು ವರ್ಷ ತುಂಬುವವರೆಗೆ ಕೂಡದು. ಅಜ್ಜಿಯನ್ನು ಸೋಲಿಸುವ ದೃಶ್ಯವಾಗಿ ಇದನ್ನು ಬರೆಯಬಾರದು. ಹಂಡೆಯ ಬಿಸಿನೀರು, ಮೆಂತೆ, ಬೆಳ್ಳುಳ್ಳಿ, ರಾತ್ರಿ ಎದ್ದು ಕೂರುವುದು ಎಲ್ಲ ಅವರದೇ, ಅವರಿಲ್ಲದೆ ಭವ್ಯ ಒಂದು ವಾರವೂ ನಿಲ್ಲಲಾರಳು.

ಜನನ ನೋಂದಣಿಗೆ 21 ದಿನ. 2015ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅವಿವಾಹಿತ ತಾಯಿ ಅಫಿಡವಿಟ್ ಕೊಟ್ಟರೆ ತಂದೆಯ ಹೆಸರಿಲ್ಲದೆ ಜನನ ಪತ್ರ ಸಿಗುತ್ತದೆ. ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕಾನೂನುಬದ್ಧವಾಗಿ ಒಪ್ಪಿಸುವ ದಾರಿ, ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶ, ಇವೂ 18ನೇ ಅಧ್ಯಾಯದಲ್ಲಿ ಬರುತ್ತವೆ.

ಬಟ್ಟೆಯ ಲೆಕ್ಕವನ್ನು ಬಿಡಿಸಿ ಹಾಕಿದೆ. ಐದೂವರೆ ಮೀಟರಿನ ಹಳೆ ನೂಲಿನ ಸೀರೆ ಹರಿದರೆ 55 ಸೆಂಟಿಮೀಟರ್ ಚೌಕದ 20 ತುಂಡು. ದಿನಕ್ಕೆ 15 ಬೇಕು. ಜೂನ್ ಮಳೆಯಲ್ಲಿ ಒಂದು ತುಂಡು ಒಣಗಲು ಎರಡು ದಿನ, ಅಂದರೆ ಎರಡು ಸೀರೆಯಲ್ಲಿ ಮುಗಿಯುವುದಿಲ್ಲ, ಮೂರನೆಯದು ಬೇಕು. ಬಚ್ಚಲೊಲೆಯ ಮೇಲೆ ಬಿದಿರಿನ ಗಳು, ಅದರ ಮೇಲೆ ಸಾಲು. ಕೆಳಗಿನ ಸಾಲು ಬೇಗ ಒಣಗುತ್ತದೆ, ಹೊಗೆ ಹಿಡಿದು ಹಳದಿಯಾಗುತ್ತದೆ, ಕಿಡಿ ಹಾರಿ ತೂತಾಗುತ್ತದೆ. ಮೂರನೇ ಸೀರೆ ಅಮ್ಮನ ಮದುವೆಯ ಮುಂಚಿನದು. ಅಮ್ಮ ಅಲ್ಲಿಯವರೆಗೆ ಮಗಳ ಹತ್ತಿರ ಮಾತಾಡಿರುವುದಿಲ್ಲ. ಆ ಸೀರೆ ಹರಿಯುವ ಸದ್ದು ಭವ್ಯಳಿಗೆ ಒಳಗಿನ ಕೋಣೆಯಿಂದ ಕೇಳುತ್ತದೆ.

ಬಗೆಹರಿಯದದ್ದು ಒಂದು

2024ರಲ್ಲಿ ದ್ವಿತೀಯ ಪಿಯುಸಿಗೆ ಮೂರು ಪರೀಕ್ಷೆ ಇದ್ದವು. ಮಾರ್ಚ್ 1ಕ್ಕೆ ಮೊದಲನೆಯದು ಶುರುವಾದಾಗ ಭವ್ಯಳಿಗೆ 27 ವಾರ 5 ದಿನ, ಅವಳು ಹೋಗುವುದಿಲ್ಲ. ಎರಡನೆಯದಕ್ಕೆ 36 ವಾರ. ಮೂರನೆಯದು ಜೂನ್ 24ಕ್ಕೆ ಶುರು, ಮಗುವಿಗೆ 35ನೇ ದಿನ. ಹೊಳೆಯಾಚೆಯ ಮನೆಯಿಂದ ಬೆಳಿಗ್ಗೆ ಏಳಕ್ಕೆ ಹೊರಟರೆ ವಾಪಸ್ ಬರುವುದು ಸಂಜೆ ನಾಲ್ಕಕ್ಕೆ. ಒಂಬತ್ತು ಗಂಟೆಯಲ್ಲಿ ಮೂರು-ನಾಲ್ಕು ಸಲ ಹಾಲು ಬೇಕು. ಹಿಂಡಿಟ್ಟ ಹಾಲು ಕೋಣೆಯ ಬಿಸಿಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಇಡಬಾರದು. ಆದ್ದರಿಂದ ಮಗುವೂ ಬರಬೇಕು. ಒಳಗೆ ಹೋಗುವ ಮುಂಚೆ ಒಮ್ಮೆ ಹಾಲು, ನಡುವೆ ಹಿಂಡಿಟ್ಟದ್ದು ಒಳಲೆಯಲ್ಲಿ, ಹೊರಬಂದ ಕೂಡಲೇ ಮತ್ತೆ. ಎರಡನೇ ಗಂಟೆಗೆ ಎದೆ ಕಲ್ಲಾಗುತ್ತದೆ. ಎಲ್ಲೋ ಒಂದು ಮಗು ಅತ್ತರೆ ಸಾಕು, ಹಾಲು ತಾನಾಗಿ ಸುರಿಯುತ್ತದೆ. ರವಿಕೆಯೊಳಗೆ ಮಡಚಿಟ್ಟ ಸೀರೆಯ ತುಂಡು ನಾಲ್ಕು ಪದರ ಇರಬೇಕು, ಎರಡಾದರೆ ಉತ್ತರ ಪತ್ರಿಕೆ ಒದ್ದೆ.

35ನೇ ದಿನ ಆಶಾ ಭೇಟಿ ಇಲ್ಲ, ಆರರ ಲೆಕ್ಕದಲ್ಲಿ ಈ ದಿನಕ್ಕೆ ಜಾಗ ಇಲ್ಲ. 42ನೇ ದಿನದ ಅಧ್ಯಾಯದಲ್ಲಿ ನೆನಪಾಗಿ ತಂದು ನೋಡಿದೆ, ಸಪ್ಪೆಯಾಯಿತು. ಒಳಲೆ ಹಿಡಿದು ಕಾಂಪೌಂಡಿನ ನೇರಳೆ ಮರದಡಿ ಕೂರುವವರು ಅಮ್ಮನೋ ಗೆಳತಿಯೋ ಎಂಬುದೂ ನಿಶ್ಚಯವಾಗಿಲ್ಲ. ಸದ್ಯ ಆ ಅಧ್ಯಾಯಕ್ಕೆ ಸಂಖ್ಯೆ ಕೊಡದೆ ಬೇರೆ ಕಡತದಲ್ಲಿ ಇಟ್ಟಿದೆ, 900 ಪದ ಆಗಿದೆ.