ಗೋದಲಿ ಬಿಚ್ಚುವುದು ಯಾವಾಗ, ಹೇಗೆ

ಡಿಸೆಂಬರ್ 26ರ ಬೆಳಿಗ್ಗೆ ಪೇಟೆಯ ಅಂಗಡಿಗಳಲ್ಲಿ ಕ್ರಿಸ್ಮಸ್ ಹಾಡು ಗಪ್ಪನೆ ನಿಂತುಬಿಡುತ್ತದೆ. ಅದೇ ಪೇಟೆಯ ಕೆಲವು ಜಗಲಿಗಳಲ್ಲಿ ಕಾಗದದ ನಕ್ಷತ್ರ ಮಾರ್ಚ್ ಬಂದರೂ ಬಣ್ಣ ಕಳೆದುಕೊಂಡು, ಒಂದು ಮೂಲೆ ಹರಿದು ಜೋತಾಡುತ್ತಿರುತ್ತದೆ. ಎರಡೂ ಬೇಸರದ ಸಂಗತಿಯೇ. ಹಬ್ಬ ಶುರುವಾದ ಮರುದಿನ ಹಾಡು ನಿಲ್ಲಿಸಿದರೆ ಹಬ್ಬವನ್ನು ಅರ್ಧಕ್ಕೆ ಕೈಬಿಟ್ಟ ಹಾಗೆ. ನಕ್ಷತ್ರವನ್ನು ಬೇಸಗೆಗೆ ಬಿಟ್ಟರೆ ಮುಂದಿನ ವರ್ಷಕ್ಕೆ ಅದು ಇರುವುದಿಲ್ಲ. ಎಲ್ಲವನ್ನೂ ಒಂದೇ ದಿನ ಇಳಿಸಬೇಕೆಂದೂ ಇಲ್ಲ. ಹಸಿರು, ಹಾಡು, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಮಾದರಿ), ದೀಪ ಇವುಗಳಿಗೆ ಬೇರೆ ಬೇರೆ ದಿನಗಳಿವೆ.

ಮೊದಲು ಕ್ಯಾಲೆಂಡರ್. ನಮ್ಮ ಕಾಸರಗೋಡು ಜಿಲ್ಲೆಯ ಬೇಳ, ಕಯ್ಯಾರು, ಮಂಜೇಶ್ವರದ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ಅಲ್ಲಿ ಕ್ರಿಸ್ಮಸ್ ಕಾಲ ಡಿಸೆಂಬರ್ 24ರ ಸಂಜೆ ಆರಂಭವಾಗಿ ಯೇಸುವಿನ ಸ್ನಾನದೀಕ್ಷೆಯ ಹಬ್ಬದ ದಿನ ಮುಗಿಯುತ್ತದೆ. ಬಾಲಯೇಸುವನ್ನು ಕಾಣಲು ಕಾಣಿಕೆ ಹೊತ್ತು ಬಂದ ಮೂವರು ರಾಯರ ಹಬ್ಬದ ಮೂಲ ದಿನ ಜನವರಿ 6. ನಮ್ಮ ದೇಶದಲ್ಲಿ ಅದನ್ನು ಜನವರಿ 2ರಿಂದ 8ರ ನಡುವಿನ ಭಾನುವಾರ ಆಚರಿಸುತ್ತಾರೆ. ಅದರ ಮುಂದಿನ ಭಾನುವಾರ ಸ್ನಾನದೀಕ್ಷೆಯ ಹಬ್ಬ. ರಾಯರ ಹಬ್ಬ 7ಕ್ಕೋ 8ಕ್ಕೋ ಬಿದ್ದರೆ ಮಾತ್ರ ಮರುದಿನ ಸೋಮವಾರವೇ ಸ್ನಾನದೀಕ್ಷೆ. ಆ ಲೆಕ್ಕದಲ್ಲಿ 2027ರಲ್ಲಿ ಜನವರಿ 10, 2028ರಲ್ಲಿ ಜನವರಿ 9, 2029ರಲ್ಲಿ ಜನವರಿ 8ರ ಸೋಮವಾರ. ಲೆಕ್ಕ ಹಾಕಲು ಪುರುಸೊತ್ತಿಲ್ಲದವರು ಗುರುಗಳ ಮೇಲಂಗಿ ನೋಡಿದರೆ ಸಾಕು: ಬಿಳಿ ಹೋಗಿ ಹಸಿರು ಬಂತೆಂದರೆ ಕ್ರಿಸ್ಮಸ್ ಕಾಲ ಕಳೆದು ಸಾಧಾರಣ ಕಾಲ ಬಂದಿದೆ.

ವೆಳ್ಳರಿಕುಂಡು, ರಾಜಪುರಂ ಕಡೆಯ ಮಲೆಪ್ರದೇಶದ ಸೀರೋ ಮಲಬಾರ್ (ಪೂರ್ವದ ಸಿರಿಯಾಕ್ ಸಂಪ್ರದಾಯದ ಕ್ಯಾಥೋಲಿಕ್) ಮನೆಗಳಲ್ಲಿ ಲೆಕ್ಕ ಬೇರೆ. ಅವರಿಗೆ ಜನವರಿ 6 ದನಹಾ ಹಬ್ಬ, ಅಂದರೆ ಯೇಸುವಿನ ಸ್ನಾನದೀಕ್ಷೆಯ ನೆನಪು, ಆಮೇಲಿನದು ದನಹಾ ಕಾಲ. ಫೆಬ್ರವರಿ 2ರವರೆಗೆ ಗೋದಲಿ ಇಟ್ಟುಕೊಳ್ಳುವ ಹಳೆಯ ರೂಢಿಯೂ ಇದೆ. ಕ್ರಿಸ್ಮಸ್‌ನಿಂದ ಎಣಿಸಿದರೆ ಅದು ನಲವತ್ತನೆಯ ದಿನ, ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸಿದ ನೆನಪಿನ ಹಬ್ಬ. ಅಂದು ಇಗರ್ಜಿಯಲ್ಲಿ ಮೇಣದ ಬತ್ತಿಗಳನ್ನು ಆಶೀರ್ವದಿಸುತ್ತಾರೆ. ಮನೆಯೊಳಗಿನ ಸಣ್ಣ ಗೋದಲಿಯನ್ನು ಅಲ್ಲಿಯವರೆಗೆ ಇಡುವವರನ್ನು ಯಾರೂ ಟೀಕಿಸಬೇಕಾಗಿಲ್ಲ. ಅಂಗಳದ ದೀಪಕ್ಕೆ ಮಾತ್ರ ಅಷ್ಟು ದಿನ ಬೇಡ, ಕಾರಣ ಕೆಳಗೆ ಬರುತ್ತದೆ.

ಹಾಡಿನ ವಿಷಯದಲ್ಲಿ ಹೊರಗಿನ ಸ್ಪೀಕರ್ ಬೇರೆ, ಮನೆಯೊಳಗಿನ ಹಾಡು ಬೇರೆ. ಕ್ಲಬ್ಬಿನ ಹುಡುಗರು ರಸ್ತೆಬದಿಯಲ್ಲಿ ಗೋದಲಿ ಕಟ್ಟಿ ಸ್ಪೀಕರ್ ಇಡುವುದು ನಮ್ಮೂರಿನ ಚಂದದ ಪದ್ಧತಿ. ಹಿಂದೂ, ಮುಸ್ಲಿಂ, ಕ್ರೈಸ್ತ ಹುಡುಗರು ಸೇರಿಯೇ ಅದನ್ನು ಕಟ್ಟುತ್ತಾರೆ. ಆದರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಹಬ್ಬಕ್ಕೆಂದು ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ಹೊರಗಿನ ಸ್ಪೀಕರನ್ನು ಜನವರಿ 1ರ ರಾತ್ರಿ ಬಿಚ್ಚಿಬಿಡುವುದು ಒಳ್ಳೆಯದು. ಹತ್ತು ದಿನ ಒಂದೇ ಪಟ್ಟಿಯ ಹಾಡು ಕೇಳಿದ ನೆರೆಯವರಿಗೆ ಹನ್ನೊಂದನೆಯ ದಿನ ಹಾಡೂ ಬೇಡ, ಹಬ್ಬವೂ ಬೇಡ ಅನ್ನಿಸುತ್ತದೆ.

ಮನೆಯೊಳಗೆ ಹಾಗಲ್ಲ. ಕ್ಯಾರಲ್‌ಗಳಲ್ಲಿ ಮೂರು ಬಗೆಯಿದೆ: ಬರುವವನಿಗಾಗಿ ಕಾಯುವವು, ಹುಟ್ಟಿನವು, ರಾಯರವು. ಕಾಯುವ ಹಾಡುಗಳು ಆಗಮನ ಕಾಲದವು, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ಸುಮಾರು ನಾಲ್ಕು ವಾರಗಳವು. ಡಿಸೆಂಬರ್ 24ರ ಸಂಜೆಗೆ ಅವನ್ನು ನಿಲ್ಲಿಸಿ. ಕುರುಬರ, ದನದ ಕೊಟ್ಟಿಗೆಯ ಹಾಡುಗಳನ್ನು ಅಂದಿನಿಂದ ಎಂಟು ದಿನ ಮನಸಾರೆ ಹಾಡಿ. ಒಂಟೆ, ನಕ್ಷತ್ರ, ಕಾಣಿಕೆಗಳ ಹಾಡುಗಳನ್ನು ರಾಯರ ಹಬ್ಬಕ್ಕೆ ಉಳಿಸಿಕೊಳ್ಳಿ. ನವೆಂಬರ್ ಕೊನೆಗೇ ಎಲ್ಲವನ್ನೂ ಕಲಸಿ ಹಾಕಿದರೆ ರಾಯರ ಹಬ್ಬಕ್ಕೆ ಹಾಡಲು ಹೊಸದೇನೂ ಉಳಿದಿರುವುದಿಲ್ಲ, ಆ ಹಬ್ಬ ಸಪ್ಪೆಯಾಗುವುದು ಅದಕ್ಕೇ.

ಇನ್ನು ಇಳಿಸುವ ಕೆಲಸ. ಮೊದಲು ಹೋಗಬೇಕಾದ್ದು ಹಸಿರು. ಗೋದಲಿಯ ಅಲಂಕಾರಕ್ಕೆಂದು ಗೆರಟೆಯಲ್ಲಿ ಬಿತ್ತಿದ ಭತ್ತ ಅಥವಾ ರಾಗಿಯ ಪೈರು ಹೊಸ ವರ್ಷದ ಹೊತ್ತಿಗೆ ಹಳದಿಯಾಗಿ ಬಾಗುತ್ತದೆ. ಮಣ್ಣು ಕಡಿಮೆ ಇರುವುದರಿಂದ ಬೇರು ಕೊಳೆತು ನಾರುತ್ತದೆ, ಸಣ್ಣ ನೊಣ ಏಳುತ್ತವೆ. ಅದನ್ನು ಕೋಳಿಗೋ ಗೊಬ್ಬರದ ಗುಂಡಿಗೋ ಹಾಕಿ. ಕ್ರಿಸ್ಮಸ್ ಮರವಾಗಿ ತಂದ ಗಾಳಿಮರದ ಗೆಲ್ಲನ್ನು ಬಕೆಟ್ಟಿನ ಒದ್ದೆ ಹೊಯ್ಗೆಯಲ್ಲಿ ನೆಟ್ಟಿದ್ದರೂ ಬೇಗ ಒಣಗಿ ಎಲೆ ಉದುರಿಸುತ್ತದೆ. ಒಣಗಿದ ಗಾಳಿಮರಕ್ಕೆ ಬೆಂಕಿ ಹಿಡಿಯಲು ಒಂದು ಕಿಡಿ ಸಾಕು, ಅದರ ಮೇಲೆ ವಿದ್ಯುತ್ ಮಾಲೆ ಸುತ್ತಿಟ್ಟಿರುವುದು ಅಪಾಯ. ಕೈಯಲ್ಲಿ ಗೆಲ್ಲು ಸವರಿದಾಗ ಒಣ ಎಲೆ ಮುಷ್ಟಿಗೆ ಬಂದರೆ ತಾರೀಖು ನೋಡಬೇಡಿ, ಅಂದೇ ತೆಗೆಯಿರಿ. ಫೋಮ್ ಸ್ಪ್ರೇ, ಮಿಂಚುಪುಡಿ ತಾಗದ ಗೆಲ್ಲು ಬಚ್ಚಲ ಒಲೆಗೆ ಆಗುತ್ತದೆ. ತಾಗಿದ್ದನ್ನು ಒಲೆಗೆ ಹಾಕಬೇಡಿ.

ಗೋದಲಿಯ ಬೈಹುಲ್ಲನ್ನು ದನಕ್ಕೆ ಹಾಕುವ ಮುಂಚೆ ದಯವಿಟ್ಟು ಹತ್ತು ನಿಮಿಷ ಕೊಡಿ. ಗುಂಡುಸೂಜಿ, ಸ್ಟೇಪ್ಲರ್ ಪಿನ್ನು, ಕಟ್ಟುವ ತಂತಿಯ ತುಂಡು ಅದರೊಳಗೆ ಇದ್ದೇ ಇರುತ್ತವೆ. ದನ ಹುಲ್ಲನ್ನು ಅಗಿಯದೆ ನುಂಗುತ್ತದೆ. ಹಾಗೆ ಒಳಹೋದ ಸೂಜಿ ಎರಡನೆಯ ಹೊಟ್ಟೆಯಲ್ಲಿ ಕುಳಿತು, ಅದರ ಗೋಡೆ ಚುಚ್ಚಿಕೊಂಡು ಪಕ್ಕದಲ್ಲೇ ಇರುವ ಹೃದಯದ ಪೊರೆಯವರೆಗೂ ಹೋಗಬಲ್ಲದು. ಹುಲ್ಲನ್ನು ಚಾಪೆಯ ಮೇಲೆ ತೆಳ್ಳಗೆ ಹರಡಿ ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ಎರಡು ಸಲ ಆಡಿಸಿ. ಥರ್ಮಾಕೋಲ್ ಕಾಳು, ಮಿಂಚುಪುಡಿ ಬೆರೆತಿದ್ದರೆ ಆ ಹುಲ್ಲು ದನಕ್ಕೆ ಬೇಡವೇ ಬೇಡ.

ಬೊಂಬೆಗಳನ್ನು ಒಣ ಬ್ರಶ್ಶಿನಿಂದ ಮಾತ್ರ ಒರೆಸಿ. ಪ್ಲಾಸ್ಟರ್ ಬೊಂಬೆಗೆ ಒದ್ದೆ ಬಟ್ಟೆ ತಾಗಿದರೆ ಬಣ್ಣ ಏಳುತ್ತದೆ. ಮೊದಲ ಸುತ್ತು ಹಳೆಯ ಮುಂಡಿನ ತುಂಡು, ಅದರ ಮೇಲೆ ಪೇಪರು. ಪೇಪರನ್ನು ನೇರವಾಗಿ ಸುತ್ತಿದರೆ ಮಳೆಗಾಲದ ತೇವಕ್ಕೆ ಶಾಯಿ ಬಿಟ್ಟು ಮೇರಿಮಾತೆಯ ಮುಖದ ಮೇಲೆ ಅಕ್ಷರ ಮೂಡುತ್ತದೆ. ಒಂಟೆ, ಎತ್ತು ಅಡಿಗೆ, ಹಗುರದವು ಮೇಲೆ. ಬಾಲಯೇಸುವಿಗೆ ಹೆಸರು ಬರೆದ ಬೇರೆ ಡಬ್ಬಿಯೇ ಇರಲಿ. ಹುಲ್ಲಿನ ಜೊತೆ ಹೊರಗೆ ಹೋಗುವುದು ಹೆಚ್ಚಾಗಿ ಆ ಪುಟ್ಟ ಬೊಂಬೆಯೇ. ಜಿರಳೆಗೆಂದು ನುಸಿಗುಳಿಗೆ ಹಾಕುವವರು ಗಮನಿಸಿ: ನ್ಯಾಫ್ತಲೀನ್ ಆವಿ ಥರ್ಮಾಕೋಲನ್ನೂ ಕೆಲವು ಪ್ಲಾಸ್ಟಿಕ್ಕನ್ನೂ ಮೆತ್ತಗಾಗಿಸಿ ಅಂಟಂಟು ಮಾಡುತ್ತದೆ.

ಕಾಗದದ ನಕ್ಷತ್ರ ಇಳಿಸಲು ಮಧ್ಯಾಹ್ನ 12ರಿಂದ 3ರ ಒಳಗಿನ ಹೊತ್ತು ಒಳ್ಳೆಯದು. ಜನವರಿಯ ಬೆಳಿಗ್ಗೆ ಇಬ್ಬನಿ ಕುಡಿದ ಕಾಗದ ಕೈಗೆ ಒಣಗಿದಂತೆ ಕಂಡರೂ ಮಡಿಕೆಯೊಳಗೆ ತೇವ ಇರುತ್ತದೆ. ಹಾಗೇ ಮಡಚಿ ಅಟ್ಟಕ್ಕೆ ಹಾಕಿದರೆ ಜುಲೈಗೆ ಬೂಸ್ಟು ಹಿಡಿಯುತ್ತದೆ. ಬಲ್ಬು ತೆಗೆದು, ಸ್ಟೇಪ್ಲರ್ ಪಿನ್ನುಗಳನ್ನು ಕಿತ್ತು (ತುಕ್ಕು ಹಿಡಿದು ಸುತ್ತಲಿನ ಕಾಗದವನ್ನೇ ತಿನ್ನುತ್ತವೆ), ಅದರದೇ ಮಡಿಕೆಯಲ್ಲಿ ಚಪ್ಪಟೆ ಮಾಡಿ ಎರಡು ರಟ್ಟಿನ ನಡುವೆ ಇಡಿ. ಗೋಡೆಯ ಟೇಪನ್ನು ಎಳೆದು ಕೀಳಬೇಡಿ, ಬಣ್ಣದ ಪದರವೇ ಬರುತ್ತದೆ. ಹೇರ್ ಡ್ರೈಯರ್‌ನಿಂದ ಅರ್ಧ ನಿಮಿಷ ಬಿಸಿ ಕೊಟ್ಟು ಮೂಲೆಯಿಂದ ನಿಧಾನಕ್ಕೆ ಎಬ್ಬಿಸಿ. ಬಾಗಿಲು, ಗಾಜಿನ ಮೇಲೆ ಉಳಿದ ಅಂಟು ತೆಂಗಿನೆಣ್ಣೆ ಸವರಿ ಐದು ನಿಮಿಷ ಬಿಟ್ಟು ಒರೆಸಿದರೆ ಹೋಗುತ್ತದೆ.

ಅಂಗಳದ ಸೀರಿಯಲ್ ಸೆಟ್ಟಿಗೆ ಸ್ನಾನದೀಕ್ಷೆಯ ಹಬ್ಬವೇ ಕೊನೆಯ ಗಡು. ಕಾರಣ ಉಪ್ಪುಗಾಳಿ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯಲ್ಲಿ ಎಲ್ಇಡಿಯ ಕಾಲಿಗೆ, ತಂತಿ ಬೆಸೆದ ಜಾಗಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಈ ಮಾಲೆಗಳಲ್ಲಿ ಬಲ್ಬುಗಳನ್ನು ಗುಂಪುಗುಂಪಾಗಿ ಒಂದರ ಹಿಂದೆ ಒಂದರಂತೆ ಜೋಡಿಸಿರುತ್ತಾರೆ. ಗುಂಪಿನ ಒಂದು ಕಾಲು ತುಂಡಾದರೆ ಆ ಗುಂಪು ಪೂರ್ತಿ ಆರುತ್ತದೆ. ಅರ್ಧ ಮಾಲೆ ಉರಿದು ಅರ್ಧ ಕತ್ತಲಾಗುವುದು ಇದರಿಂದಲೇ.

ಬಿಚ್ಚುವ ಮುನ್ನ ಸಂಜೆ ಒಮ್ಮೆ ಉರಿಸಿ ನೋಡಿ, ಆರಿದ ಗುಂಪು ಎಲ್ಲಿದೆಯೆಂದು ಗುರುತು ಮಾಡಿಕೊಳ್ಳಿ. ಪ್ಲಗ್ಗಿನ ಪಿನ್ನು ಕಿತ್ತ ಮೇಲೆ ಅಲ್ಲಿಗೆ ಕೆಂಪು ನೂಲು ಕಟ್ಟಿ. ಸ್ವಿಚ್ ಆರಿಸಿದ್ದೇನೆಂದು ನಂಬಿ ಏಣಿ ಹತ್ತಬೇಡಿ, ಪಿನ್ನು ಕೀಳಲೇಬೇಕು. ಇವು 230 ವೋಲ್ಟ್ ನೇರವಾಗಿ ಹರಿಯುವ ತೆಳು ತಂತಿಗಳು; ಸಿಪ್ಪೆ ಸುಲಿದಿದ್ದರೆ ಕಬ್ಬಿಣದ ಗೇಟು, ಮಾಡಿನ ಶೀಟು ಎಲ್ಲಕ್ಕೂ ಕರೆಂಟು ಹತ್ತುತ್ತದೆ. 30 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ ರಟ್ಟಿನ ಎರಡು ತುದಿಗೆ ಕಚ್ಚು ಮಾಡಿ, ಮಾಲೆಯ ಬಾಲದಿಂದ ಸುತ್ತಲು ಶುರುಮಾಡಿ. ಆಗ ಪಿನ್ನು ಹೊರಗೆ ಉಳಿಯುತ್ತದೆ, ಮುಂದಿನ ಸಲ ಬಿಚ್ಚದೆಯೇ ಪರೀಕ್ಷಿಸಬಹುದು (ಸುತ್ತಿದ ಮಾಲೆ ಬಿಸಿಯಾಗುತ್ತದೆ, ಅರ್ಧ ನಿಮಿಷ ಸಾಕು). ಮೊಣಕೈಗೆ ಸುತ್ತುವ ಅಭ್ಯಾಸ ಬಿಡಿ; ತಂತಿ ತಿರುಚಿ ಒಳಗಿನ ಎಳೆ ತುಂಡಾಗುತ್ತದೆ. ಸೆಲ್ ಹಾಕುವ ಮಾಲೆಯಿಂದ ಸೆಲ್ ತೆಗೆದಿಡಿ, ಸೋರಿದರೆ ಡಬ್ಬಿಯ ಸ್ಪ್ರಿಂಗ್ ಕರಗುತ್ತದೆ.

ಇಡಲು ಮುಚ್ಚಳವಿರುವ 20 ಲೀಟರಿನ ಖಾಲಿ ಪೇಂಟ್ ಬಕೆಟ್‌ಗಿಂತ ಒಳ್ಳೆಯದಿಲ್ಲ. ರಟ್ಟಿನ ಪೆಟ್ಟಿಗೆಗೆ ಒರಲೆ ಬರುತ್ತದೆ, ಅಟ್ಟದ ಇಲಿಗೆ ತಂತಿಯ ಸಿಪ್ಪೆ ಇಷ್ಟ. ಬಕೆಟ್ಟನ್ನು ತೊಳೆದು ಬಿಸಿಲಲ್ಲಿ ಒಂದು ದಿನ ಒಣಗಿಸಿ, ಬಟ್ಟೆಯ ಗಂಟಿನಲ್ಲಿ 100 ಗ್ರಾಂ ಸಿಲಿಕಾ ಜೆಲ್ ಇಟ್ಟು ಮುಚ್ಚಿ.

ಉಳಿಯುವುದು ಥರ್ಮಾಕೋಲ್. ಅಲಂಕಾರದ ಥರ್ಮಾಕೋಲ್‌ಗೆ ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧವಿದೆ, ಹೊಸದು ಕೊಳ್ಳುವಂತಿಲ್ಲ. ಹಳೆಯದನ್ನು ತೋಟದ ಮೂಲೆಯಲ್ಲಿ ಸುಟ್ಟರೆ ಕಪ್ಪು ಹೊಗೆ ನೆರೆಮನೆಯ ಮಕ್ಕಳ ಎದೆಗೆ ಹೋಗುತ್ತದೆ. ಪ್ಲಾಸ್ಟಿಕ್ ಮಿಂಚುಪಟ್ಟಿ, ಕತ್ತರಿಸಿದ ಕೇಬಲ್ ಟೈ ಎಲ್ಲವನ್ನೂ ಒಣಗಿಸಿ ಒಂದು ಚೀಲ ಮಾಡಿ, ಮನೆಮನೆಯಿಂದ ಒಣ ಕಸ ಒಯ್ಯುವ ಹರಿತ ಕರ್ಮ ಸೇನೆಯವರು ತಿಂಗಳ ಸುತ್ತಿಗೆ ಬಂದಾಗ ಕೊಡಿ. ಕೆಟ್ಟ ಮಾಲೆಗಳು ಇ-ತ್ಯಾಜ್ಯ, ಅವುಗಳ ಚೀಲ ಬೇರೆಯಿರಲಿ.

ಅಕ್ಟೋಬರ್ ಕೊನೆಗೆ ಮಳೆ ನಿಂತ ಒಂದು ಬಿಸಿಲಿನ ದಿನ ಬಕೆಟ್ ತೆರೆದು ಗಾಳಿಯಾಡಿಸಿ. ಅಕ್ಕಪಕ್ಕದ ಮನೆಯವರು ದೀಪಾವಳಿಯ ಗೂಡುದೀಪವನ್ನು ಅಟ್ಟದಿಂದ ಇಳಿಸಿ ಒರೆಸುವ ಹೊತ್ತು ಅದು. ಕೆಂಪು ನೂಲು ಕಟ್ಟಿದ ಮಾಲೆಯನ್ನು ಆಗಲೇ ರಿಪೇರಿಗೆ ಕೊಟ್ಟರೆ ಆಗಮನ ಕಾಲದ ಮೊದಲ ಭಾನುವಾರಕ್ಕೆ ಕೈಗೆ ಬರುತ್ತದೆ.